ಎರಡು ಬೆರಳಿನ ಅನ್ನಪಕ್ಷಿ

ಶಾಲೆಯ ಗೇಟಿನ ಹೊರಗೆ, ಬೇವಿನ ಮರದ ನೆರಳಷ್ಟನ್ನೂ ತಾನೇ ಹಿಡಿದುಕೊಂಡು, ಊರಿನ ಮುರುಗೇಶನ ಬಿಳಿ ಕಾರು ಆಗಲೇ ನಿಂತಿತ್ತು. ನೋಡಿಯೂ ನೋಡದವನ ಹಾಗೆ ದಾಟಿ ಹೋಗಬೇಕೆಂದುಕೊಂಡ ಹರಿಹರನ್. ಆದರೆ ಕಾಲು ತಾನಾಗಿ ನಿಧಾನವಾಯಿತು, ಕಣ್ಣು ಗಾಜಿನೊಳಗೆ ನುಗ್ಗಿ ಸೀಟಿನ ಮೇಲೆ ಹಾಸಿದ್ದ ಟವಲಿನವರೆಗೂ ಹೋಗಿ ಬಂತು. ತಾನು ಸಿರುಮುಗೈಯಿಂದ ಮೇಟ್ಟುಪಾಳಯಕ್ಕೆ ಒಂದು ಬಸ್ಸು, ಅಲ್ಲಿಂದ ಶಾಲೆಯಿರುವ ತುಡಿಯಲೂರಿಗೆ ಇನ್ನೊಂದು ಬಸ್ಸು ಹಿಡಿದು, ದಾರಿಯ ಕಾರಮಡೈವರೆಗೆ ಕಂಬಿಗೆ ಜೋತುಬಿದ್ದು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಗಳು ಫೋನಿನಲ್ಲಿ, ಶುಕ್ರವಾರ ಶನಿವಾರ ನಮ್ಮ ಸ್ಕೂಲಿನಲ್ಲಿ ಎಕ್ಸಿಬಿಷನ್, ಬಾ ಅಪ್ಪಾ ಎಂದಾಗ ಆ ಕರೆ ತನ್ನೊಬ್ಬನಿಗೇ ಎಂದು ಮೂರು ದಿನದಿಂದ ನಂಬಿಕೊಂಡಿದ್ದ. ಇಸ್ತ್ರಿ ಮಾಡಿದ ಪಂಚೆ ಉಟ್ಟದ್ದೂ ಆ ನಂಬಿಕೆಯಿಂದಲೇ. ಈಗ ಆ ಕಾರನ್ನು ನೋಡಿದರೆ, ಊರಿನವರನ್ನೆಲ್ಲ ಕರೆದ ಊಟಕ್ಕೆ ತನಗೊಬ್ಬನಿಗೇ ಎಲೆ ಹಾಕಿದ್ದಾರೆಂದು ತಿಳಿದು ಬಂದವನ ಹಾಗೆ ಮುಖ ಬಿಸಿಯಾಯಿತು.

ಸತ್ಯಾ ಇಲ್ಲಿ ಜೀವಶಾಸ್ತ್ರ ಕಲಿಸುವ ಟೀಚರು. ವಾರವಿಡೀ ಇಲ್ಲೇ ಹಾಸ್ಟೆಲಿನಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತಾಳೆ. ಅವಳ ಮೇಜು ಹಾಲಿನ ಕೊನೆಯಲ್ಲಿತ್ತು. ಜೀವಿಗಳು ಒಂದರಿಂದ ಒಂದು ಹೇಗೆ ಬಂದವು ಎನ್ನುವುದಕ್ಕೆ ಕಲ್ಲಿನಲ್ಲೂ ಮೈಯಲ್ಲೂ ಇರುವ ಸಾಕ್ಷಿ ಎಂದು ತಮಿಳಿನಲ್ಲಿ ದೊಡ್ಡದಾಗಿ ಬರೆದು ಹಚ್ಚಿದ್ದಳು. ಅರಿಯಲೂರಿನ ಕಡೆಯಿಂದ ತರಿಸಿದ ಕಲ್ಲು, ಅದರೊಳಗೆ ಸುರುಳಿ ಸುತ್ತಿ ಮಲಗಿದ ಸಮುದ್ರದ ಚಿಪ್ಪು, ಬಾಟಲಿಯಲ್ಲಿ ಕೋಳಿಯ ಕಾಲು, ಒಂದು ಹಾವುರಾಣಿಯ ಚಿತ್ರ, ಒಂದು ನಿಂಬೆಹಣ್ಣು. ಗೋಡೆಯ ಮೇಲೆ ಕುದುರೆಯ ಕಾಲುಗಳ ಸಾಲು. ತೀರ ಹಳೆಯ ಕುದುರೆ ನಾಯಿಯಷ್ಟೇ ಎತ್ತರ, ಮುಂಗಾಲಿಗೆ ನಾಲ್ಕು ಬೆರಳು. ಅದರ ಮೇಲಿನ ಕಲ್ಲಿನ ಪದರದಲ್ಲಿ ಸಿಕ್ಕಿದ್ದಕ್ಕೆ ಮೂರು. ಕೊನೆಗೆ ಇವತ್ತಿನ ಜಟಕಾ ಕುದುರೆಯ ಒಂದೇ ಗೊರಸು. ಬೆರಳು ಹೋದರೂ ಅದರ ಗುರುತು ಹೋಗಿಲ್ಲ, ಗೊರಸಿನ ಮೇಲ್ಗಡೆ ಎಲುಬಿನ ಎರಡು ಕಡ್ಡಿಗಳು ಇವತ್ತೂ ಉಳಿದಿವೆ ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು. ಅವಳ ಪಕ್ಕದಲ್ಲಿ, ಇದನ್ನೆಲ್ಲ ತಾನೇ ಅಗೆದು ತೆಗೆದವನ ಹಾಗೆ ಕೈಕಟ್ಟಿ ನಿಂತಿದ್ದ ಮುರುಗೇಶನ್.

"ಏನ್ ಹರಿ, ಬಸ್ಸಲ್ಲಾ ಬಂದೆ? ಒಂದು ಫೋನ್ ಹಾಕಿದ್ರೆ ನಾನೇ ಕೂಡ್ಸ್ಕೊಂಡು ಬರ್ತಿರ್ಲಿಲ್ವಾ," ಎಂದ ಅವನು. ಹರಿಹರನ್ ನಕ್ಕ. ಮೂವತ್ತು ವರ್ಷದಿಂದ ಮುರುಗೇಶನಿಗೆಂದೇ ಇಟ್ಟುಕೊಂಡ ನಗು ಅದು. ತುಟಿಯಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಸತ್ಯಾ, ಎಲ್ಲರೂ ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಮಡಚಿ ನೋಡಿ, ನಡುವೆ ಒಂದು ಸ್ನಾಯುವಿನ ಹಗ್ಗ ಎದ್ದು ನಿಲ್ಲುತ್ತದೆ, ಕೊಂಬೆ ಹಿಡಿದು ತೂಗಾಡುವ ಪ್ರಾಣಿಗಳಿಗೆ ಬೇಕಾದದ್ದು, ನಮಗೆ ಅದರಿಂದ ಏನೂ ಆಗಬೇಕಾಗಿಲ್ಲ, ಕೆಲವರಿಗೆ ಇರುವುದೂ ಇಲ್ಲ ಎಂದಳು. ಮುರುಗೇಶನ್ ಎರಡು ಕೈಯನ್ನೂ ಮಡಚಿದ. ಎರಡರಲ್ಲೂ ಮಗ್ಗದ ಹಗ್ಗದ ಹಾಗೆ ಎದ್ದು ನಿಂತಿತು. ಹರಿಹರನಿಗೆ ಬಲಗೈಯಲ್ಲಿ ಇತ್ತು, ಎಡಗೈಯಲ್ಲಿ ಇಲ್ಲ. ಮತ್ತೆ ಮಡಚಿದ, ಜೋರಾಗಿ ಒತ್ತಿದ. ಇಲ್ಲ. ಬೇಡವಾದದ್ದು ಎಂದು ಮಗಳೇ ಹೇಳಿದ್ದಾಳೆ. ಆದರೂ ಅವನಿಗಿದೆ, ತನಗಿಲ್ಲ. ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

ಹಾಗೆ ತಿರುಗಿದಾಗ ಸೀರೆ ಕಂಡಿತು. ಮೇಜಿನ ತುದಿಯಲ್ಲಿ ಹಗ್ಗ ಕಟ್ಟಿ ಎರಡು ರೇಷ್ಮೆ ಸೀರೆಗಳನ್ನು ಇಳಿಬಿಟ್ಟಿದ್ದರು, ಒಂದು ಹಸಿರು, ಒಂದು ಮೆಂತ್ಯದ ಬಣ್ಣ. ಸೆರಗಿನ ತುಂಬ ಹಂಸದ ಹಾಗಿನ ಜರಿಯ ಅನ್ನಪಕ್ಷಿ. ಕೆಳಗೆ ಚೀಟಿ: ವಿನ್ಯಾಸ, ಗೋಪಾಲಸಾಮಿಯವರ ಮನೆತನ, ಮುರುಗೇಶನ್. ಅಕ್ಷರ ಸತ್ಯಾಳದು. ಸಿಲೇಟಿನ ಮೇಲೆ ಅವಳ ಕೈ ಹಿಡಿದು ತಿದ್ದಿಸಿದವನು ತಾನು; ಆ ಗುಂಡಗಿನ ಅಕ್ಷರದಲ್ಲೇ ಈಗ ಇನ್ನೊಬ್ಬನ ಹೆಸರು. ಹರಿಹರನ್ ಹತ್ತಿರ ಹೋದ. ಪಕ್ಷಿಯ ಕಣ್ಣಿನ ಕೆಳಗೆ, ಸಾಸಿವೆಗಿಂತ ಚಿಕ್ಕದಾಗಿ, ಜರಿಯ ಒಂದು ಚುಕ್ಕಿ. ಆ ಚುಕ್ಕಿ ಅವನ ಗುರುತಿನದು.

ಅವನ ಕೆಲಸ ಅಟ್ಟೆ ಹೊಡೆಯುವುದು. ಜಕಾರ್ಡ್ ಮಗ್ಗದ ತಲೆಯ ಮೇಲೆ ರಟ್ಟಿನ ಪಟ್ಟಿಗಳ ಮಾಲೆಯೊಂದು ಸುತ್ತುತ್ತದಲ್ಲ, ಆ ಪಟ್ಟಿಯೇ ಅಟ್ಟೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಗ್ರಾಫ್ ಹಾಳೆಯಲ್ಲಿ ಬರೆದ ಚಿತ್ರವನ್ನು ಒಂದೊಂದು ಮನೆಯಾಗಿ ಎಣಿಸಿ ತೂತು ಹೊಡೆಯಬೇಕು. ಒಂದು ತೂತು ಹೆಚ್ಚಾದರೆ ಆ ಮಾಲೆಯಿಂದ ನೇಯುವ ಸೀರೆಗೆಲ್ಲ ಅದೇ ತಪ್ಪು, ಆ ಮಾಲೆಯನ್ನು ನೋಡಿ ಬೇರೆಯವರು ಹೊಡೆದ ಮಾಲೆಗೂ ಅದೇ ತಪ್ಪು. ಸತ್ಯಾಳಿಗೆ ಆಗ ಒಂದು ವರ್ಷ. ಕಿಟಕಿಯ ಪಕ್ಕ ಕೂತು ಪಕ್ಷಿಯ ಮುಖಕ್ಕೆ ಬಂದಿದ್ದಾಗ ಬೀದಿಯಲ್ಲಿ ಹೊಸ ಹಾರನ್ನಿನ ಸದ್ದು. ಪಟ್ಟಣದ ಗಣಪತಿ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಮುರುಗೇಶನ್ ಹೊಸ ಟಿವಿಎಸ್ ಗಾಡಿಯಲ್ಲಿ ಊರಿಗೆ ಬಂದಿದ್ದ, ಹಿಂದೆ ಹೆಂಡತಿ, ಮುಂದೆ ಮಲ್ಲಿಗೆಯ ಮಾಲೆ. ಹರಿಹರನ್ ತಲೆಯೆತ್ತಿದ. ಕೈ ನಿಲ್ಲಲಿಲ್ಲ. ಇಲ್ಲದ ಜಾಗದಲ್ಲಿ ತೂತು ಬಿತ್ತು. ಕಾಗದದ ಚೂರು ಅಂಟಿಸಿ ಮುಚ್ಚಬಹುದಿತ್ತು, ಅದೇ ರೂಢಿ. ನಾಳೆ ಮುಚ್ಚಿದರಾಯಿತು ಎಂದುಕೊಂಡ, ಮರೆತ, ಸೀರೆ ಮಗ್ಗದಿಂದ ಇಳಿದೇಬಿಟ್ಟಿತು. ತಿರುಪ್ಪೂರಿನಿಂದ ಬಂದ ವ್ಯಾಪಾರಿಯ ಹೆಂಡತಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಅಯ್ಯೋ ಪಾಪ, ಇದು ಅಳುತ್ತಿದೆ ಎಂದಳಂತೆ. ಅಲ್ಲಿಂದ ಅಳುವ ಅನ್ನಪಕ್ಷಿಯೇ ಬೇಕೆಂದು ಕೇಳುವವರು ಬಂದರು. ತಪ್ಪಿಲ್ಲದ ಎಷ್ಟೋ ಪಕ್ಷಿಗಳು ಅಂಗಡಿಯ ಕಪಾಟಿನಲ್ಲೇ ಬಣ್ಣಗೆಟ್ಟವು, ತಪ್ಪಿನದು ಮಾತ್ರ ಹಾರಿತು. ಆಮೇಲೆ ಮುರುಗೇಶನ್ ಆ ಕೆಲಸ ಬಿಟ್ಟು ಊರಿಗೆ ಬಂದು, ಸೀರೆಯ ಚಿತ್ರ ಬರೆಯಲು ಕಂಪ್ಯೂಟರ್ ಇಟ್ಟ, ಅಳುವ ಪಕ್ಷಿಯನ್ನೂ ಬರೆದ. ನಮ್ಮಪ್ಪ ಗೋಪಾಲಸಾಮಿಯ ಕಾಲದ ಪಕ್ಷಿ ಇದು, ಅವರ ಹಾಳೆಗಳಿಂದ ತೆಗೆದೆ ಎಂದು ಎಲ್ಲರಿಗೂ ಹೇಳಿದ. ಊರೂ ನಂಬಿತು. ಹರಿಹರನ ಕಣ್ಣಿಗೆ ಪೊರೆ ಬರತೊಡಗಿತ್ತು, ಅಟ್ಟೆ ಕೇಳುವವರು ಕಮ್ಮಿಯಾಗಿದ್ದರು. ಯಾರ ಹತ್ತಿರ ಹೋಗಿ ಏನೆಂದು ಹೇಳುವುದು?

ಸತ್ಯಾ ಈಗ ನಿಂಬೆಹಣ್ಣು ಎತ್ತಿಕೊಂಡಿದ್ದಳು. ಇದರಲ್ಲಿರುವ ವಿಟಮಿನ್ ಸಿ ನಾಯಿಗೆ, ಆಡಿಗೆ ಹೊರಗಿನಿಂದ ಬೇಕಾಗಿಲ್ಲ, ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಅದನ್ನು ಮಾಡುವ ವಂಶವಾಹಿಯ ಬರಹ ನಮ್ಮ ಮೈಯಲ್ಲೂ ಇದೆ, ಆದರೆ ಕೆಟ್ಟುಹೋಗಿದೆ. ಮಂಗನಲ್ಲೂ ಚಿಂಪಾಂಜಿಯಲ್ಲೂ ಹಾಗೇ ಕೆಟ್ಟಿದೆ, ಎಷ್ಟೋ ಕಡೆ ಅದೇ ಜಾಗದಲ್ಲಿ ಅದೇ ತಪ್ಪು. ಸರಿಯಾದದ್ದು ಇಬ್ಬರಲ್ಲಿ ಒಂದೇ ಥರ ಇದ್ದರೆ ಬೇರೆ ಬೇರೆಯಾಗಿ ಕಲಿತಿರಬಹುದು. ತಪ್ಪು ಒಂದೇ ಥರ ಇದ್ದರೆ ಒಂದೇ ಕಡೆಯಿಂದ ಬಂದಿರಬೇಕು ಎಂದು ಹೇಳಿ, ಮಕ್ಕಳನ್ನು ಸೀರೆಗಳ ಹತ್ತಿರ ಕರೆದು ತಂದು, ನೋಡಿ, ಇವೆರಡನ್ನೂ ನೇಯ್ದವರು ಬೇರೆ ಬೇರೆ, ಆದರೆ ಎರಡರಲ್ಲೂ ಕಣ್ಣಿನ ಕೆಳಗೆ ಒಂದು ಚುಕ್ಕಿ ಎಂದಳು. ಹರಿಹರನಿಗೆ ಕಿವಿಯೊಳಗೆ ಏನೋ ಬಿಚ್ಚಿಕೊಂಡ ಹಾಗಾಯಿತು. ಇಷ್ಟು ವರ್ಷ ಹೊಟ್ಟೆಯೊಳಗೆ ಗೊಣಗಿಕೊಂಡಿದ್ದ ಮಾತಿಗೆ ಮಗಳೇ ಕಾಯಿದೆ ಬರೆದುಕೊಟ್ಟಿದ್ದಳು. ಮಕ್ಕಳು ಮುಂದಿನ ಮೇಜಿಗೆ ಹೋಗುವವರೆಗೂ ಕಾಯ್ದ. ಆಮೇಲೆ ಮನೆಯ ಕನ್ನಡದಲ್ಲಿ, ಆದರೆ ಮುರುಗೇಶನಿಗೂ ಕೇಳುವ ಹಾಗೆ ಹೇಳಿದ.

"ಆ ಚುಕ್ಕಿ ನನ್ ಕೈ ತಪ್ಪು ಸತ್ಯಾ. ನನ್ ತಪ್ಪು ಅವನ ಸೀರೇಲಿ ಹೆಂಗ್ ಬಂತು ಕೇಳು."

ಮುರುಗೇಶನ ಮುಖ ಸಣ್ಣಗಾಗಲಿಲ್ಲ. ನಮ್ಮಪ್ಪನ ಪಕ್ಷಿಗೇ ಆ ಚುಕ್ಕಿ ಇತ್ತು ಹರಿ, ನೀನು ನಮ್ಮನೇಲೇ ತಾನೆ ಕೆಲಸ ಕಲಿತದ್ದು, ನೋಡಿರ್ತೀಯ ಎಂದು ಸಮಾಧಾನದಿಂದಲೇ ಹೇಳಿದ. ಅವನು ಸುಳ್ಳು ಹೇಳುತ್ತಿದ್ದ ಹಾಗೂ ಕಾಣಲಿಲ್ಲ. ಅದೇ ಹರಿಹರನನ್ನು ಹೆಚ್ಚು ಉರಿಸಿತು. ಸತ್ಯಾ ಇಬ್ಬರನ್ನೂ ನೋಡಿದಳು. ತರಗತಿಯಲ್ಲಿ ಇಬ್ಬರು ಮಕ್ಕಳು ಒಂದೇ ಪೆನ್ಸಿಲಿಗೆ ಕಿತ್ತಾಡುವಾಗ ನೋಡುವ ನೋಟ.

"ಒಂದೇ ತಪ್ಪಿದ್ರೆ ಎರಡೂ ಒಂದೇ ವಂಶ ಅಂತ ಮಾತ್ರ ಹೇಳ್ಬಹುದಪ್ಪಾ. ಯಾವ್ದು ಮುಂಚೆ ಅಂತ ಅದು ಹೇಳಲ್ಲ. ಅದಕ್ಕೆ ಇನ್ನೂ ಕೆಳಗಿನ ಪದರದ್ದು ಬೇಕು. ಗೋಪಾಲಸಾಮಿ ತಾತ ನೇಯ್ದದ್ದು ಒಂದು ಸಿಕ್ಕಿ, ಅದರಲ್ಲಿ ಚುಕ್ಕಿ ಇಲ್ಲಾಂದ್ರೆ, ಚುಕ್ಕಿ ನಿಂದು."

ಒಂದೂ ಉಳಿದಿಲ್ಲ, ಅಟ್ಟೆಗಳನ್ನೂ ಹಾಳೆಗಳನ್ನೂ ಗೆದ್ದಲು ತಿಂದುಬಿಟ್ಟಿತು, ಮನಸ್ಸಿನಲ್ಲಿದ್ದದ್ದನ್ನೇ ಬರೆದೆ ಎಂದ ಮುರುಗೇಶನ್. ಅಪ್ಪನ ಹಾಳೆಗಳಿಂದ ತೆಗೆದದ್ದು ಎನ್ನುತ್ತಿದ್ದ ಮಾತು ಅವನ ಬಾಯಿಂದಲೇ ಬಿದ್ದುಹೋದದ್ದು ಅವನ ಗಮನಕ್ಕೇ ಬರಲಿಲ್ಲ. ಹಾಗಾದರೆ ಬಿಡಿ, ತೀರ್ಪಿಲ್ಲ ಎಂದು ಸತ್ಯಾ ನಗುತ್ತ, ಅಪ್ಪನ ಕಡೆಗೆ ಬಗ್ಗಿ, ನೀನು ಹೊಳೇಲಿ ಕೊಕ್ಕರೆ ನೋಡಿ ಬರೆದದ್ದು ಅಂತ ನನಗೆ ಗೊತ್ತಲ್ಲಾ, ಸಾಕು ಬಿಡು ಎಂದು ಮೆಲ್ಲಗೆ ಹೇಳಿ ಅವನ ತೋಳು ಮುಟ್ಟಿದಳು. ಹರಿಹರನಿಗೆ ಆ ಮುಟ್ಟಿದ ಜಾಗ ಮನೆ ಸೇರುವವರೆಗೂ ಚುಚ್ಚುತ್ತಲೇ ಇತ್ತು.

ಯಾಕೆಂದರೆ ಒಂದು ಉಳಿದಿತ್ತು. ಅದು ಅವನ ಮನೆಯ ಬೀರುವಿನಲ್ಲೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಹೆಂಡತಿ ರುಕ್ಮಣಿ ನೀರು ಹಿಡಿಯಲು ಹೋದಾಗ ಅವನು ಬೀರು ತೆರೆದು ಕೆಳಗಿನ ಖಾನೆಯಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟನ್ನು ಎತ್ತಿದ. ಅವಳ ಮದುವೆ ಸೀರೆ. ಹರಿಹರನ ಮದುವೆಗೆಂದು ಗೋಪಾಲಸಾಮಿ ತಾವೇ ಮಗ್ಗದಲ್ಲಿ ಕೂತು ನೇಯ್ದು ಕೊಟ್ಟದ್ದು. ನಾಲ್ಕು ವರ್ಷ ಅವರ ಮನೆಯ ಜಗುಲಿಯಲ್ಲಿ ಕೂತು ಅಟ್ಟೆ ಕಲಿತವನಿಗೆ, ಸ್ವಂತ ಮಗ ಪಂಪಿನ ಕಬ್ಬಿಣ ಉಜ್ಜಲು ಹೋಗಿದ್ದಾಗ. ಸೀರೆ ಮಡಿಕೆಯಲ್ಲಿ ಹರಿಯುತ್ತದೆ, ಮುಟ್ಟಬೇಡ ಎಂದು ಸತ್ಯಾ ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದ. ಸೀರೆಯನ್ನು ಕಾಪಾಡುತ್ತಿದ್ದೇನೆ ಎಂದೇ ಎಣಿಸಿದ್ದ. ಬಿಚ್ಚಿದ. ಪಕ್ಷಿಯ ಕಣ್ಣಿನ ಕೆಳಗೆ ಏನೂ ಇಲ್ಲ. ನೀರಿನ ಹಾಗೆ ನುಣ್ಣಗಿನ ಕೆನ್ನೆ. ಗೆದ್ದೆ ಎಂದುಕೊಂಡ. ಆಮೇಲೆ ಕಣ್ಣು ತಾನಾಗಿ ಕೆಳಗಿಳಿಯಿತು, ಇಳಿಯಬೇಡ ಎಂದರೂ. ಬಲಗಾಲಿಗೆ ಮೂರು ಬೆರಳು. ಎಡಗಾಲಿಗೆ ಎರಡು.

ಮದುವೆಯಾದ ಹೊಸದರಲ್ಲಿ ಈ ಸೀರೆಯನ್ನು ತೊಡೆಯ ಮೇಲೆ ಹರಡಿ, ಸೂಜಿಯ ತುದಿಯಲ್ಲಿ ಒಂದೊಂದು ಎಳೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸುತ್ತಿದ್ದ ದಿನಗಳು. ನನ್ನ ಮುಖಕ್ಕಿಂತ ಸೀರೆಯನ್ನೇ ಜಾಸ್ತಿ ನೋಡ್ತೀರಿ ನೀವು ಎಂದು ರುಕ್ಮಣಿ ಹಿಂದಿನಿಂದ ಬಂದು ಹಾಳೆಯ ಮೇಲೆ ನೆರಳು ಬೀಳಿಸುತ್ತಿದ್ದಳು. ಆ ನೆನಪನ್ನು ಅವನು ಎಷ್ಟೋ ಸಲ ಬಾಯಿ ಚಪ್ಪರಿಸಿಕೊಂಡು ನೆನೆದಿದ್ದಾನೆ. ಅವಳ ಬಳೆ, ಅವಳ ನೆರಳು, ಅವಳ ಮಾತು. ತೊಡೆಯ ಮೇಲಿದ್ದದ್ದು ಏನು ಎನ್ನುವುದನ್ನು ಮಾತ್ರ ಬಿಟ್ಟು. ಎಣಿಸುವ ಕೈ ಯೋಚಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತದೆ. ಎರಡು ಬೆರಳಿದ್ದರೆ ಎರಡು. ಬಾಲ ಉದ್ದ ಮಾಡಿದ, ಕೊಕ್ಕಿಗೆ ಹೂವು ಕೊಟ್ಟ, ತನ್ನದೆಂದುಕೊಂಡ. ಐದು ವರ್ಷದ ಸತ್ಯಾ ಒಂದು ದಿನ ಅವನ ಪಕ್ಷಿಯಿದ್ದ ಸೆರಗಿನ ಮೇಲೆ ಬೆರಳಿಟ್ಟು, ಈ ಕಾಲಿಗ್ಯಾಕೆ ಅಪ್ಪಾ ಎರಡೇ ಎಂದು ಕೇಳಿದಾಗಲೇ ಅವನು ಅದನ್ನು ಮೊದಲ ಸಲ ಕಂಡದ್ದು. ಬಾಯಿಗೆ ಬಂದದ್ದನ್ನು ಹೇಳಿದ. ಭವಾನಿ ಹೊಳೆಯ ದಡದಲ್ಲಿ ಒಂದು ಕೊಕ್ಕರೆ ನೋಡಿದೆ ಕಂದಾ, ಬೆಸ್ತರ ಬಲೆಗೆ ಸಿಕ್ಕಿ ಬೆರಳು ಹೋಗಿತ್ತು, ಪಾಪ ಅಂತ ಅದನ್ನೇ ಬರೆದೆ. ಆ ಹುಡುಗಿ ಆಮೇಲೆ ಎಷ್ಟು ಭಾನುವಾರ ಅವನ ಕೈ ಹಿಡಿದು ಹೊಳೆಗೆ ಹೋಗಿ, ಕೊಕ್ಕರೆಗಳ ಕಾಲು ಎಣಿಸಿದ್ದಳೋ. ಎಣಿಸಿ ಎಣಿಸಿಯೇ ಟೀಚರಾದಳು. ನಾನು ಪ್ರಾಣಿ ನೋಡೋದು ಕಲ್ತದ್ದು ನಮ್ಮಪ್ಪನಿಂದ ಎಂದು ತನ್ನ ಹೆಡ್‌ಮಿಸ್ಸಿಗೆ ಪರಿಚಯ ಮಾಡಿಸುವಾಗ ಹೇಳಿದ್ದಳು.

ಸೀರೆಯನ್ನು ಮಡಚಿಟ್ಟು ಬೀರು ಮುಚ್ಚಿದರೆ ಆಯಿತು. ಮುರುಗೇಶನ್ ಅಪ್ಪನ ಮಗನಾಗಿ ಇರುತ್ತಾನೆ, ತಾನು ಹೊಳೆಯಲ್ಲಿ ಕೊಕ್ಕರೆ ನೋಡಿದವನಾಗಿ ಇರುತ್ತಾನೆ. ಹರಿಹರನ್ ಮಡಚಿದ. ಆಗ ಆ ಬಿಳಿ ಕಾರು, ಆ ಚೀಟಿ, ಮಣಿಕಟ್ಟಿನಲ್ಲಿ ಎದ್ದು ನಿಂತ ಆ ಎರಡು ಹಗ್ಗ ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ನಾನು ಕಳ್ಳನಾದರೂ ಚಿಂತೆಯಿಲ್ಲ, ಅವನು ನನ್ನಿಂದ ಕದ್ದದ್ದು ಗೊತ್ತಾಗಲಿ. ಸತ್ಯಕ್ಕಾಗಿ ಹೊರಟೆ ಎಂದು ಅವನು ತನಗೂ ಹೇಳಿಕೊಳ್ಳಲಿಲ್ಲ. ಹೊಟ್ಟೆಯುರಿಯೇ ಎದ್ದು ಚಪ್ಪಲಿ ಮೆಟ್ಟಿತು. ಡ್ರಾಯರಿನಲ್ಲಿದ್ದ ತನ್ನ ಮೊದಲ ಮಾಲೆಯಿಂದ ನೇಯ್ದ ಮೊಳದುದ್ದದ ಮಾದರಿ ತುಂಡನ್ನೂ ಚೀಲಕ್ಕೆ ಹಾಕಿಕೊಂಡ. ಬಾಗಿಲಲ್ಲಿ ಕೊಡ ಹಿಡಿದು ಎದುರಾದ ರುಕ್ಮಣಿ ಪಂಚೆಯ ಗಂಟನ್ನು ನೋಡಿದಳು. "ಹರೀದೆ ವಾಪಸ್ ತನ್ನಿ," ಎಂದಳು, ಅಷ್ಟೆ.

ಸತ್ಯಾ ಸೀರೆಯನ್ನು ಮೇಜಿನ ಮೇಲೆ ಹರಡಿದಾಗ ಹಾಲಿನಲ್ಲಿ ಇನ್ನೂ ಜನ ತುಂಬಿರಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಮೊದಲು ಕಣ್ಣಿನ ಮೇಲಿಟ್ಟಳು. "ಚುಕ್ಕಿ ಇಲ್ಲ. ಚುಕ್ಕಿ ನಿಂದೇನೇ ಅಪ್ಪಾ," ಎಂದಳು, ಖುಷಿಯಿಂದ. ಹರಿಹರನ್ ಬಾಗಿಲಿನ ಕಡೆ ನೋಡಿದ, ಮುರುಗೇಶನ್ ಬರುತ್ತಿದ್ದಾನೆಯೇ ಎಂದು. ಮತ್ತೆ ತಿರುಗಿದಾಗ ಭೂತಗನ್ನಡಿ ಕತ್ತು ಇಳಿದು, ರೆಕ್ಕೆ ದಾಟಿ, ಕಾಲಿನ ಹತ್ತಿರ ನಿಂತಿತ್ತು. ಅಲ್ಲೇ ಬಹಳ ಹೊತ್ತು ನಿಂತಿತ್ತು. ಅವಳ ಬೈತಲೆ ಮಾತ್ರ ಅವನಿಗೆ ಕಾಣುತ್ತಿತ್ತು. ಅದರಲ್ಲಿ ಒಂದು ನರೆ ಕೂದಲು. ಆಮೇಲೆ ಅವಳು ಅವನ ಮಾದರಿ ತುಂಡನ್ನು ಎಳೆದುಕೊಂಡು ಅದರ ಕಾಲು ನೋಡಿದಳು. ಮುರುಗೇಶನ ಸೀರೆಯ ಕಾಲನ್ನೂ ನೋಡಿದಳು. ಎಲ್ಲದರಲ್ಲೂ ಎಡಗಾಲಿಗೆ ಎರಡು. ಭೂತಗನ್ನಡಿಯನ್ನು ಜೇಬಿಗಿಟ್ಟು, ಏನೂ ಆಗದವಳ ಹಾಗೆ ಸ್ಟೂಲು ಹತ್ತಿ ಹಗ್ಗಕ್ಕೆ ಕ್ಲಿಪ್ಪು ಹಾಕತೊಡಗಿದಳು. ಎತ್ತರದಲ್ಲಿ ತಾತನದು, ಅದರ ಕೆಳಗೆ ಅಪ್ಪನದು, ಅದರ ಕೆಳಗೆ ಮುರುಗೇಶನದು, ಪಕ್ಕದ ಗೋಡೆಯ ಕುದುರೆಯ ಕಾಲುಗಳ ಹಾಗೆ ಸಾಲಾಗಿ. ಹಳೆಯ ಚೀಟಿಯನ್ನು ಕಿತ್ತು ಹೊಸದು ಬರೆದಳು. ನಡುವಿನದಕ್ಕೆ ಹರಿಹರನ್ ಎಂದು ಬರೆದು, ಮೇಲಿನಿಂದ ಅದಕ್ಕೊಂದು ಬಾಣ, ಅದರಿಂದ ಕೆಳಕ್ಕೊಂದು ಬಾಣ ಎಳೆದಳು. ಎಷ್ಟನೇ ಇಸವಿ ಎಂದು ಕೇಳಿದಳು. ಅವನು ಹೇಳಿದ. ಅವನ ಮುಖ ನೋಡದೆ ಬರೆದುಕೊಂಡಳು.

ಹೆಡ್‌ಮಿಸ್ ಶೋಭನಾ ಬಂದು ನೋಡಿ, ಚೆನ್ನಾಗಿದೆ ಸತ್ಯಾ, ಆದರೆ ಆ ಬೆರಳು ಹೇಗೆ ಹೋಯಿತು ಎಂದು ತಮಿಳಿನಲ್ಲಿ ಕೇಳಿದರು. ಅದು ತಿಳಿಯಲು ದಾರಿಯಿಲ್ಲ ಮೇಡಂ, ಇವರಿಬ್ಬರ ಕೈಗೆ ಬರುವುದಕ್ಕೆ ಮುಂಚೆಯೇ ಹೋಗಿತ್ತು, ಅಷ್ಟು ಮಾತ್ರ ಹೇಳಬಹುದು ಎಂದಳು ಸತ್ಯಾ. ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮುರುಗೇಶನ್ ಹತ್ತು ಗಂಟೆಗೆ ಬಂದ. ಈ ಗಳಿಗೆಗೆಂದೇ ಹರಿಹರನ್ ಕಂಬಿಗೆ ಜೋತುಬಿದ್ದು ಬಂದಿದ್ದ. ಈಗ ಮುಖ ಬೀಳುತ್ತದೆ, ಈಗ ಮಾತು ತೊದಲುತ್ತದೆ ಎಂದು ಕಾದ. ಮುರುಗೇಶನ್ ಕನ್ನಡಕ ಹಾಕಿಕೊಂಡು ಬಾಣಗಳನ್ನು ನೋಡಿದ, ಕೆಳಗಿನಿಂದ ಮೇಲಕ್ಕೆ ಹೋದ, ಮೇಲಿನ ಸೀರೆಯ ಹತ್ತಿರ ನಿಂತುಬಿಟ್ಟ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ, ನೂಲಿನ ಹದ ನೋಡುವವನ ಹಾಗೆ.

"ಅಪ್ಪನ ಪಕ್ಷಿ ಅಳ್ತಿರಲಿಲ್ಲ ಹರಿ," ಎಂದ. "ಆ ಮಗ್ಗದ ಕೆಳಗೇ ಆಡ್ಕೊಂಡು ಬೆಳೆದವನು ನಾನು. ಅದರ ಮುಖಾನೇ ಮರ್ತು, ನಿಂದನ್ನ ಅಪ್ಪಂದು ಅಂದ್ಕೊಂಡು ಬರ್ದಿದೀನಿ."

ಮುರುಗೇಶನ್ ಕನ್ನಡಕ ತೆಗೆದು ಒರೆಸುತ್ತ, ನಗುವ ಹಾಗೆ ಮಾಡಿದ. ತುಟಿಯಿಂದ ಮೇಲಕ್ಕೆ ಹೋಗದ ನಗು. "ನಿನ್ ಮದುವೆಗೆ ಕೂತು ನೇಯ್ದು ಕೊಟ್ರು ನೋಡು. ನನ್ ಮದುವೆಗೆ ಅಂಗಡೀಲಿ ತೆಗೆದ್ರು, ಸಾದಾ ಅಂಚು."

ಆ ದನಿಯನ್ನು ಹರಿಹರನ್ ತಕ್ಷಣ ಗುರುತು ಹಿಡಿದ. ಅದು ತನ್ನದೇ. ಬೇರೆ ಯಾರ ಗಂಟಲಿನಿಂದಲೂ ಅದು ಬಂದದ್ದನ್ನು ಅವನು ಕೇಳಿರಲಿಲ್ಲ. ಗೆದ್ದವನಿಗೆ ಆಗಬೇಕಾದದ್ದು ಏನೂ ಆಗಲಿಲ್ಲ. ಬದಲಿಗೆ, ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, ಮೇಲಿನ ಸೀರೆಯ ಮುಂದೆ ನಿಂತಿದ್ದ ಆ ಬಗ್ಗಿದ ಬೆನ್ನನ್ನು ನೋಡುತ್ತ, ಇವನಿಗೆ ಅಳಲಿಕ್ಕೊಬ್ಬ ಅಪ್ಪನಾದರೂ ಇದ್ದಾನಲ್ಲಾ ಎಂದು ಅದಕ್ಕೂ ಉರಿದುಕೊಂಡ.

ಸಂಜೆ ಕಾರಿನಲ್ಲಿ ಬನ್ನಿ ಎಂದು ಮುರುಗೇಶನ್ ಕರೆದ. ಸತ್ಯಾ, ಬೇಡ ಮಾಮಾ, ನಾವು ಬಸ್ಸಲ್ಲೇ ಬರ್ತೀವಿ ಎಂದಳು. ಮೇಟ್ಟುಪಾಳಯದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಪಂಚೆಯ ಗಂಟು ಅವಳ ತೊಡೆಯ ಮೇಲಿತ್ತು. ಪೆರಿಯನಾಯಕನ್ ಪಾಳಯ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಕಾರಮಡೈಯಲ್ಲಿ ಬಸ್ಸು ನಿಂತಾಗ, ತಿರುಗದೆಯೇ ಕೇಳಿದಳು.

"ಹೊಳೇಲಿ ಕೊಕ್ಕರೆ ಇತ್ತಾಪ್ಪಾ?"

ಹರಿಹರನ್ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡ.

"ಇತ್ತು," ಎಂದ. ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ, "ಬೆರಳು ಎಣಿಸಿರಲಿಲ್ಲ," ಎಂದ.